ಸಿಝೆಡ್ 75ರಲ್ಲಿ ಜೆಕ್ ಬುದ್ಧಿ ಎಷ್ಟು, ಎರವಲು ಎಷ್ಟು?

ನಳಿಗೆನೋಟ
ಪಿಸ್ತೂಲಿನ ಮಾತು ಬಂದಲ್ಲೆಲ್ಲ ಜೆಕ್ ಪಿಸ್ತೂಲು ಸಿಝೆಡ್ 75ರ ಗುಣಗಾನ ಇದ್ದೇ ಇರುತ್ತೆ. ಬಿಚ್ಚಿ ನೋಡಿದರೆ ನನಗೆ ಕಾಣೋದು ಹೀಗೆ: ನಳಿಗೆ ವಾಲಿ ಬೀಗ ಬಿಡುವ ಪದ್ಧತಿ ಅಮೆರಿಕದ ವಿನ್ಯಾಸಕ ಬ್ರೌನಿಂಗ್‌ದು. ಎರಡು ಸಾಲಿನ ಮ್ಯಾಗಜೀನ್ 1935ರ ಬ್ರೌನಿಂಗ್ ಹೈ ಪವರ್ ಪಿಸ್ತೂಲಿನಲ್ಲೇ ಇತ್ತು. ಸ್ಲೈಡು (ಮೇಲಿನ ಜಾರುವ ಭಾಗ) ಫ್ರೇಮಿನ (ಹಿಡಿಕೆ ಇರುವ ಕೆಳಭಾಗ) ಒಳಗೆ ಓಡೋದು ಸ್ವಿಸ್ ಸೈನ್ಯ 1949ರಲ್ಲಿ ತಗೊಂಡ ಸಿಗ್ ಪಿ210ರಲ್ಲಿ ಇತ್ತು. ಡಬಲ್ ಆಕ್ಷನ್ ಟ್ರಿಗರ್, ಅಂದ್ರೆ ಒಂದೇ ಎಳೆತಕ್ಕೆ ಹ್ಯಾಮರನ್ನ (ಬಡಿಯುವ ಸುತ್ತಿಗೆ) ಹಿಂದೆ ಎಳೆದು ಬಿಡೋದು, ವಾಲ್ಟರ್ ಪಿ38ರ ಕಾಲದಿಂದಲೂ ಇದೆ. ಹಾಗಾದರೆ ಇದನ್ನ ವಿನ್ಯಾಸ ಮಾಡಿದ ಕೌಟ್ಸ್‌ಕಿ ಸಹೋದರರು ಹೊಸದಾಗಿ ಮಾಡಿದ್ದಾದರೂ ಏನು? ಕೆಣಕಲು ಕೇಳ್ತಿಲ್ಲ. ಭಾಗ ಭಾಗ ಹಿಡಿದು ಹೇಳುವವರಿದ್ದರೆ ಹೇಳಿ.

ರೇಂಜ್_ಪುಸ್ತಕ
ಸುಲಭ ಉತ್ತರ: ಡಬಲ್ ಆಕ್ಷನ್ ಇದ್ದೂ ಹ್ಯಾಮರ್ ಎಳೆದು ಸೇಫ್ಟಿ ಹಾಕಿ ಇಟ್ಟುಕೊಳ್ಳಬಹುದಾದ ಮೊದಲ 9 ಎಂಎಂ ಅದು. ಪಿ38ರಲ್ಲಿ ಸೇಫ್ಟಿ ಒತ್ತಿದರೆ ಹ್ಯಾಮರ್ ಬಿದ್ದುಹೋಗುತ್ತೆ. 75ರಲ್ಲಿ ಎರಡೂ ದಾರಿ ತೆರೆದಿದೆ.

ಟೂಲ್‌ರೂಮ್
"ಮೊದಲ" ಅನ್ನೋದನ್ನ ತೆಗೀರಿ ಸಾರ್. ಬೆರೆಟ್ಟಾ 92 ಕೂಡ ಅದೇ 1975ರ ಕೂಸು. ಅದರ ಮೊದಲ ಮಾದರಿಯಲ್ಲೂ ಸೇಫ್ಟಿ ಫ್ರೇಮಿನ ಮೇಲೇ ಇತ್ತು, ಹ್ಯಾಮರ್ ಎಳೆದು ಬೀಗ ಹಾಕಬಹುದಿತ್ತು. ಸ್ಲೈಡಿನ ಮೇಲೆ ಹೋಗಿದ್ದು ಆಮೇಲೆ. ಡಬಲ್ ಆಕ್ಷನ್ನು ಮತ್ತು ಎರಡು ಸಾಲಿನ ಮ್ಯಾಗಜೀನು ಒಟ್ಟಿಗೆ ಬಂದದ್ದು ಇವೆರಡಕ್ಕಿಂತ ಮುಂಚೆ, 1971ರ ಸ್ಮಿತ್ ಅಂಡ್ ವೆಸನ್ 59ರಲ್ಲಿ. ಮೊದಲು ಯಾರು ಅನ್ನೋ ಓಟದಲ್ಲಿ 75 ಗೆಲ್ಲಲ್ಲ. ಗೆಲ್ಲಬೇಕಾಗಿಯೂ ಇಲ್ಲ.

ರೇಂಜ್_ಪುಸ್ತಕ
ಒಪ್ಪಿದೆ, ತಿದ್ದಿಕೊಂಡೆ. 92ರ ಹಳೇ ಸೇಫ್ಟಿ ಮರೆತಿದ್ದೆ.

ಲೇತ್_ಮಾತು
ನಳಿಗೆನೋಟ ಅವರೇ, "ಬ್ರೌನಿಂಗ್ ಪದ್ಧತಿ" ಅಂತ ಒಂದೇ ಮಾತಲ್ಲಿ ಮುಗಿಸಿದ್ರಿ. ಅಲ್ಲೇ ವ್ಯತ್ಯಾಸ ಇದೆ.

ಹೈ ಪವರ್‌ನಲ್ಲಿ ನಳಿಗೆಯನ್ನ ಕೆಳಗೆ ಎಳೆಯೋದು ಫ್ರೇಮಿನಲ್ಲಿ ಅಡ್ಡ ಕೂತಿರುವ ಕ್ಯಾಮ್ ತುಂಡು. ಅದು ಕಾಯಂ, ಬಿಚ್ಚೋ ಹಾಗಿಲ್ಲ. 75ರಲ್ಲಿ ಆ ಕೆಲಸವನ್ನ ಸ್ಲೈಡ್ ಸ್ಟಾಪಿನ (ಗುಂಡು ಮುಗಿದಾಗ ಸ್ಲೈಡನ್ನ ಹಿಂದೆಯೇ ತಡೆಯೋ ಭಾಗ) ದಂಡವೇ ಮಾಡುತ್ತೆ. ನಳಿಗೆಯ ಕೆಳಗಿನ ದಪ್ಪ ಗಂಟಿನಲ್ಲಿ ಹುರುಳಿಕಾಳಿನ ಆಕಾರದ ತೂತಿದೆ, ಸುತ್ತಲೂ ಮುಚ್ಚಿದ ತೂತು. ಸ್ಲೈಡ್ ಸ್ಟಾಪು ಅದರೊಳಗೆ ಹಾದು ಹೋಗುತ್ತೆ. ಗುಂಡು ಹಾರಿದಾಗ ನಳಿಗೆ, ಸ್ಲೈಡು ಎರಡೂ ಕಚ್ಚಿಕೊಂಡೇ ಸ್ವಲ್ಪ ದೂರ ಹಿಂದೆ ಬರುತ್ತವೆ. ಆಮೇಲೆ ತೂತಿನ ಇಳಿಜಾರು ದಂಡಕ್ಕೆ ತಾಗಿ ನಳಿಗೆಯ ಹಿಂಬದಿ ಕೆಳಗಿಳಿಯುತ್ತೆ, ಮೇಲಿನ ಏಣುಗಳು ಸ್ಲೈಡಿನ ತೋಡಿನಿಂದ ಬಿಡುತ್ತವೆ, ಸ್ಲೈಡು ಒಂಟಿಯಾಗಿ ಹಿಂದೆ ಹೋಗುತ್ತೆ.

ಲಾಭ ಏನು ಅಂದ್ರೆ, ದಂಡ ಸವೆದರೆ ಹೊಸದು ಹಾಕಿದರೆ ಆಯ್ತು, ಫ್ರೇಮು ಮುಟ್ಟಬೇಕಿಲ್ಲ. ನಷ್ಟವೂ ಅಲ್ಲೇ. ಪ್ರತಿ ಗುಂಡಿನ ಪೆಟ್ಟೂ ಆ ದಂಡದ ಮೇಲೇ. ಸಿಝೆಡ್‌ನಲ್ಲಿ ಸ್ಲೈಡ್ ಸ್ಟಾಪು ಮುರಿಯುತ್ತೆ ಅಂತ ಎಲ್ಲ ಕಡೆ ಓದ್ತೀವಲ್ಲ, ಕಾರಣ ಇದು. ಉಕ್ಕು ಕೆಟ್ಟದ್ದಂತ ಅಲ್ಲ, ಹೊತ್ತ ಹೊರೆ ಹಾಗಿದೆ. ಸ್ಪರ್ಧೆಗೆ ಹೋಗುವವರು ಚೀಲದಲ್ಲಿ ಒಂದು ಹೆಚ್ಚಿಗೆ ಇಟ್ಟುಕೊಂಡೇ ಹೋಗ್ತಾರೆ.

ಹುಬ್ಬಳ್ಳಿ_ಹ್ಯಾಮರ್
ಛಲೋ ಹೇಳಿದ್ರಿ. ಇನ್ನೊಂದು ಮುರಿಯೋ ಭಾಗ ಬಿಟ್ರಿ ನೋಡ್ರಿ: ಟ್ರಿಗರ್ ರಿಟರ್ನ್ ಸ್ಪ್ರಿಂಗು. ಸುತ್ತಿದ ಸಣ್ಣ ತಂತಿ ಅದು, ಪ್ರತಿ ಸಲ ಟ್ರಿಗರ್ ಎಳೆದಾಗೂ ತಿರುಚತದ. ಖಾಲಿ ಪಿಸ್ತೂಲಿನ್ಯಾಗ ಅಭ್ಯಾಸ ಮಾಡೋವರು ದಿನಕ್ಕ ನೂರಾರು ಸಲ ಎಳೀತಾರ, ಹಂಗಾಗಿ ಗುಂಡಿನ ಲೆಕ್ಕಕ್ಕಿಂತ ಭಾಳ ಮೊದಲ ಅದು ಹೋಗತದ. ಲಕ್ಷಣ ಏನಪಾ ಅಂದ್ರ, ಟ್ರಿಗರ್ ಎಳೆದ ಮ್ಯಾಲೆ ತಾನಾಗಿ ಮುಂದ ಬರಂಗಿಲ್ಲ, ಜೋತು ಬೀಳತದ.

ಟೂಲ್‌ರೂಮ್
ಖಾಲಿ ಅಭ್ಯಾಸದ ವಿಷಯ ಬಂತಲ್ಲ, 75 ಬಿ (75ರ ಮುಂದಿನ ಮಾದರಿ) ಇರುವವರು ಫೈರಿಂಗ್ ಪಿನ್ (ತೋಟಾಕ್ಕೆ ಗುದ್ದುವ ಮೊಳೆ) ತಡೆಯೋ ರೋಲ್ ಪಿನ್ನನ್ನೂ ನೋಡ್ಕೊಳ್ಳಿ. ಬಿ ಬರುವ ಮುಂಚಿನ ಪಿಸ್ತೂಲಿನಲ್ಲಿ ಫೈರಿಂಗ್ ಪಿನ್ನಿನ ಹಿಂದೆ ತಗಡಿನ ತಟ್ಟೆ ಇತ್ತು. ಬಿ ಮಾದರಿಯಲ್ಲಿ ಅಡ್ಡಕ್ಕೆ ಟೊಳ್ಳು ರೋಲ್ ಪಿನ್. ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಏನೂ ಇಲ್ಲದೆ ಹ್ಯಾಮರ್ ಬಿಟ್ಟರೆ ಫೈರಿಂಗ್ ಪಿನ್ನು ಓಡಿಬಂದು ಆ ರೋಲ್ ಪಿನ್ನಿಗೇ ಗುದ್ದುತ್ತೆ. ಸಾವಿರ ಸಲ ಗುದ್ದಿದ ಮೇಲೆ ಅದು ನಜ್ಜಾಗಿ ಫೈರಿಂಗ್ ಪಿನ್ನೇ ಸಿಕ್ಕಿಕೊಳ್ಳುತ್ತೆ. ಪರಿಹಾರ ಸಲೀಸು. ಸ್ನ್ಯಾಪ್ ಕ್ಯಾಪ್, ಅಂದ್ರೆ ಅಭ್ಯಾಸದ ಡಮ್ಮಿ ತೋಟಾ ಹಾಕಿ ಮಾಡಿ.

ಕಾವೇರಿ_ತೀರ
ಹೊಸಬಳ ಪ್ರಶ್ನೆ. ಸ್ಲೈಡು ಫ್ರೇಮಿನ ಒಳಗೆ ಓಡಿದರೆ ನಿಜವಾಗಿ ಏನು ಸಿಗುತ್ತೆ? ಎಲ್ಲರೂ "ನಿಖರತೆ ಜಾಸ್ತಿ" ಅಂತಾರೆ. ಯಾಕೆ ಅಂತ ಯಾರೂ ಹೇಳಲ್ಲ.

ಲೇತ್_ಮಾತು
ಸಾಮಾನ್ಯ ಪಿಸ್ತೂಲಿನಲ್ಲಿ ಸ್ಲೈಡು ಫ್ರೇಮನ್ನ ಹೊರಗಿನಿಂದ ತಬ್ಬಿಕೊಂಡಿರುತ್ತೆ. 75ರಲ್ಲಿ ಫ್ರೇಮು ಸ್ಲೈಡನ್ನ ಹೊರಗಿನಿಂದ ತಬ್ಬಿಕೊಂಡಿದೆ. ಮೇಜಿನ ಡ್ರಾಯರು ನೆನಪು ಮಾಡ್ಕೊಳ್ಳಿ, ಮೇಜಿನ ತೋಡಿನೊಳಗೆ ಡ್ರಾಯರ್ ಓಡಿದ ಹಾಗೆ. ಹಳಿಗಳು ಉದ್ದಕ್ಕೆ ಹಿಡಿದುಕೊಂಡಿರೋದರಿಂದ ಸ್ಲೈಡು ಅಕ್ಕಪಕ್ಕ ಅಲ್ಲಾಡೋದು ಕಡಿಮೆ. ಸ್ಲೈಡೂ ಗಿಡ್ಡ, ಹಗುರ.

ಆದರೆ ನಿಖರತೆ ಅಂತ ಹೊಗಳೋದರಲ್ಲಿ ಅರ್ಧ ಪಾಲು ತಪ್ಪು ವಿಳಾಸಕ್ಕೆ ಹೋಗ್ತಿದೆ. ಗುರಿಕಂಬಿ ಎರಡೂ ಸ್ಲೈಡಿನ ಮೇಲಿವೆ. ಹಾಗಾಗಿ ಮುಖ್ಯವಾಗೋದು ನಳಿಗೆ ಮತ್ತು ಸ್ಲೈಡು ಪ್ರತಿ ಸಲ ಒಂದೇ ಜಾಗಕ್ಕೆ ಬಂದು ಕೂರುತ್ತವಾ ಅನ್ನೋದು. ಮುಂದಿನ ಬುಷ್ಷು (ನಳಿಗೆಯ ಮೂತಿ ಹಾಯುವ ಬಳೆ), ಮೇಲಿನ ಏಣು, ಕೆಳಗಿನ ಗಂಟು, ಈ ಮೂರರ ಹೊಂದಾಣಿಕೆ ಅದು. ಫ್ರೇಮಿನ ಹಳಿಯ ಪಾಲು ಅದರ ನಂತರ.

ರೇಂಜ್_ಪುಸ್ತಕ
ಇದನ್ನ ಒಪ್ಪಲ್ಲ. ಕೈಯಲ್ಲಿ ಹಿಡಿದು ಹೊಡೆಯುವಾಗ ಉಕ್ಕಿನ ಫ್ರೇಮಿನ ತೂಕ, ಸ್ಲೈಡಿನ ಕಡಿಮೆ ತೂಕ ಎರಡೂ ಸೇರಿ ಮೂತಿ ಏಳೋದು ಕಮ್ಮಿಯಾಗುತ್ತೆ. ಎರಡನೇ ಗುಂಡಿಗೆ ಗುರಿ ಬೇಗ ವಾಪಸ್ ಬರುತ್ತೆ. ಜನ ನಿಖರತೆ ಅನ್ನೋದು ಅದನ್ನೇ. ಕ್ಲಾಂಪಿಗೆ ಕಟ್ಟಿ ಅಳೆದ ಸಂಖ್ಯೆ ಒಂದು, ಕೈಯಲ್ಲಿ ಸಿಗೋ ಫಲ ಇನ್ನೊಂದು.

ಲೇತ್_ಮಾತು
ಅದನ್ನ ನಿಯಂತ್ರಣ ಅನ್ನಿ, ನಿಖರತೆ ಅನ್ನಬೇಡಿ. ಪದ ಸರಿ ಇದ್ದರೆ ಮುಕ್ಕಾಲು ಜಗಳ ಅಲ್ಲೇ ಮುಗಿಯುತ್ತೆ.

ಏಳು_ಅರವತ್ತೈದು
ಒಳಹಳಿಯ ತೊಂದರೆಯೂ ಹೇಳಬೇಕು. ಸ್ಲೈಡಿನ ಬಹುಪಾಲು ಎತ್ತರ ಫ್ರೇಮಿನೊಳಗೆ ಅಡಗಿರೋದರಿಂದ ಬೆರಳಿಗೆ ಸಿಗೋದು ಮೇಲಿನ ಸಣ್ಣ ಪಟ್ಟಿ ಅಷ್ಟೆ. ಕೈ ಬೆವರಿದ್ದರೆ, ಎಣ್ಣೆ ತಾಗಿದ್ದರೆ ಎಳೆಯೋದು ಕಷ್ಟ. ಬಿಗಿ ಸ್ಪ್ರಿಂಗಿನ ಹೊಸ ಪಿಸ್ತೂಲಿನಲ್ಲಿ ಇನ್ನೂ ಕಷ್ಟ. ಡಬಲ್ ಆಕ್ಷನ್ನಿನಲ್ಲಿ ಟ್ರಿಗರ್ ದೂರ ಇರೋದು ಇನ್ನೊಂದು ದೂರು. ಸಣ್ಣ ಕೈಯವರಿಗೆ ಬೆರಳ ತುದಿ ಮಾತ್ರ ಎಟುಕುತ್ತೆ.

ಬ್ರನೋ_ಪ್ರಿಯ
ಪ್ರಶ್ನೆಗೆ ವಾಪಸ್ ಬರೋಣ. ಹಿನ್ನೆಲೆ ಗೊತ್ತಿಲ್ಲದೆ 75 ಅರ್ಥ ಆಗಲ್ಲ.

ಫ್ರಾಂಟಿಶೆಕ್ ಕೌಟ್ಸ್‌ಕಿ ಬ್ರನೋ ಊರಿನ ಶಸ್ತ್ರ ಕಾರ್ಖಾನೆಯಲ್ಲಿ ಪಳಗಿದ ಕೈ. ರೈಫಲ್ಲುಗಳ ಹೆಸರಲ್ಲಿ ಬರುವ ಝಡ್‌ಕೆ ಅಕ್ಷರಗಳಲ್ಲಿ "ಕೆ" ಅಂದ್ರೆ ಕೌಟ್ಸ್‌ಕಿನೇ. 1969ರಲ್ಲಿ ನಿವೃತ್ತಿ ಹೊತ್ತಿಗೆ ಉಹೆರ್ಸ್‌ಕಿ ಬ್ರಾಡ್‌ನ ಸಿಝೆಡ್ ಕಾರ್ಖಾನೆಯವರು ಕರೆದು 9 ಎಂಎಂ ಪ್ಯಾರಾಬೆಲ್ಲಮ್‌ಗೆ ಒಂದು ಪಿಸ್ತೂಲು ಮಾಡಿಕೊಡಿ, ಕೈ ಕಟ್ಟಲ್ಲ ಅಂದ್ರು. ಗಮನಿಸಿ, ಆ ತೋಟಾ ಅವರ ಸ್ವಂತ ಸೈನ್ಯದಲ್ಲಿ ಇರಲೇ ಇಲ್ಲ. ಜೆಕೊಸ್ಲೊವಾಕ್ ಸೈನ್ಯದ ವಿಝಡ್ 52 ಪಿಸ್ತೂಲು ಹೊಡೀತಿದ್ದದ್ದು 7.62×25 ತೋಟಾ. ಅಂದ್ರೆ 75 ಹುಟ್ಟಿದ್ದೇ ಹೊರದೇಶಕ್ಕೆ ಮಾರಲು. ಸೈನ್ಯದ ಕಮಿಟಿ ಹೀಗೆ ಮಾಡು, ಹಾಗೆ ಮಾಡು ಅಂತ ತಲೆ ಹಾಕಲಿಲ್ಲ. ಅಚ್ಚುಕಟ್ಟು ಬಂದದ್ದು ಅಲ್ಲಿಂದ ಅಂತ ನನ್ನ ನಂಬಿಕೆ. 1975ರಲ್ಲಿ ಮ್ಯಾಡ್ರಿಡ್‌ನಲ್ಲಿ ತೋರಿಸಿದ್ರು. ಅವರದೇ ದೇಶದ ಅಂಗಡಿಗೆ ಬರಲು 1985ರವರೆಗೆ ಕಾಯಬೇಕಾಯ್ತು.

ನಳಿಗೆನೋಟ
75ರ ಪೇಟೆಂಟನ್ನ ಗುಪ್ತವಾಗಿ ಇಟ್ಟಿದ್ರು ಅನ್ನೋ ಕಥೆ ನಿಜವೇ?

ಬ್ರನೋ_ಪ್ರಿಯ
ನಿಜ. ಪೇಟೆಂಟ್ ದೇಶದೊಳಗೆ ಗುಪ್ತವಾಗಿ ದಾಖಲಾಯ್ತು. ಗುಪ್ತ ಅಂದಮೇಲೆ ಆ ವಿನ್ಯಾಸವನ್ನ ಹೊರದೇಶದಲ್ಲಿ ದಾಖಲಿಸೋ ಹಾಗಿಲ್ಲ. ಮನೆಯೊಳಗೆ ಬೀಗ, ಬೀದಿ ಬಾಗಿಲು ತೆರೆದೇ ಇತ್ತು. ಇಟಲಿಯ ಟ್ಯಾನ್‌ಫೊಲಿಯೊ ಟಿಝಡ್ 75 ಮಾಡಿದ್ರು. ಸ್ವಿಜರ್ಲೆಂಡಿನಲ್ಲಿ ಎಟಿ 84, ಆಮೇಲೆ ಸ್ಫಿಂಕ್ಸ್. ಚೀನಾದಲ್ಲಿ ಎನ್‌ಝಡ್ 75. ಟರ್ಕಿಯಲ್ಲಿ ಸಾರ್‌ಸಿಲ್ಮಾಜ್. ಇಸ್ರೇಲಿನ ಜೆರಿಕೊ 941 ಟ್ಯಾನ್‌ಫೊಲಿಯೊ ಬುನಾದಿಯ ಮೇಲೆ ನಿಂತದ್ದು. ಆ 941ರಲ್ಲಿ 9 ಅಂದ್ರೆ 9 ಎಂಎಂ, 41 ಅಂದ್ರೆ .41 ಆಕ್ಷನ್ ಎಕ್ಸ್‌ಪ್ರೆಸ್ ತೋಟಾ. ಅಮೆರಿಕದಲ್ಲಿ ಕಮ್ಯುನಿಸ್ಟ್ ದೇಶದ ಸರಕಿಗೆ ಸುಂಕ ಜಾಸ್ತಿ ಇದ್ದ ಕಾಲ. ಅಸಲಿಗಿಂತ ನಕಲೇ ಅಲ್ಲಿ ಸುಲಭವಾಗಿ ಸಿಗ್ತಿತ್ತು.

ಹುಬ್ಬಳ್ಳಿ_ಹ್ಯಾಮರ್
ಬ್ರೆನ್ ಟೆನ್ ಬಿಟ್ರಲ್ರಿ! ಅಮೆರಿಕದ ಪಿಸ್ತೂಲು ಗುರು ಜೆಫ್ ಕೂಪರ್ 75 ನೋಡಿ ಮೆಚ್ಚಿ, ಅದರ ಜಾಡಿನ್ಯಾಗ 10 ಎಂಎಂ ಪಿಸ್ತೂಲು ಬೇಕಂದ. 1983ರಿಂದ 86ರ ತನಕ ಮಾಡಿದ್ರು, ಆಮ್ಯಾಲೆ ಕಂಪನಿನೇ ಮುಚ್ಚಿತು. ದೊಡ್ಡ ಎಡವಟ್ಟು ಅಂದ್ರ ಮ್ಯಾಗಜೀನು. ಪಿಸ್ತೂಲು ಮುಟ್ಟಿತು, ಮ್ಯಾಗಜೀನು ಮುಟ್ಟಲಿಲ್ಲ.

ಮೈಸೂರು_ಟೂಸ್ಟ್ರೋಕ್
ವಿಷಯಾಂತರ ಅನ್ನಬೇಡಿ. ಸಿಝೆಡ್ ಅಂದ್ರೆ ಚೆಸ್ಕಾ ಜ್ಬ್ರೊಯೊವ್ಕಾ, ಜೆಕ್ ಶಸ್ತ್ರ ಕಾರ್ಖಾನೆ ಅಂತ ಅರ್ಥ. ಅದೇ ಹೆಸರಿನ ಸ್ಟ್ರಾಕೊನಿತ್ಸೆ ಕಾರ್ಖಾನೆ ಪಿಸ್ತೂಲಿನ ಜೊತೆ ಮೋಟರ್‌ಸೈಕಲ್ಲೂ ಮಾಡ್ತಿತ್ತು. ಜಾವಾ ಶುರುಮಾಡಿದ ಫ್ರಾಂಟಿಶೆಕ್ ಯಾನೆಚೆಕ್ ಮೂಲತಃ ಶಸ್ತ್ರ ತಯಾರಕ. 1929ರಲ್ಲಿ ವಾಂಡರರ್ ಕಂಪನಿಯ ಬೈಕ್ ವಿಭಾಗ ಕೊಂಡು ಎರಡೂ ಹೆಸರಿನ ಮೊದಲಕ್ಷರ ಸೇರಿಸಿ ಜಾವಾ ಅಂತ ಇಟ್ಟ. ಯುದ್ಧ ಮುಗಿದಮೇಲೆ ಜಾವಾ, ಸಿಝೆಡ್ ಎರಡೂ ಸರ್ಕಾರದ ಪಾಲಾಗಿ ಜೊತೆಯಾದವು. 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾದಲ್ಲಿ ಬೈಕ್ ಬಂದದ್ದು ಆ ಮನೆತನದಿಂದಲೇ. 1973ರಲ್ಲಿ ಹೆಸರು ಯೆಜ್ಡಿ ಆಯ್ತು. ಕಿಕ್ಕರು ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್ ಆಗ್ತಿತ್ತಲ್ಲ, ಒಂದು ಭಾಗ, ಎರಡು ಕೆಲಸ. 75ರ ಸ್ಲೈಡ್ ಸ್ಟಾಪಿನಲ್ಲೂ ಅದೇ ಲೆಕ್ಕ ನೋಡಿ: ಸ್ಲೈಡನ್ನೂ ತಡೀಬೇಕು, ನಳಿಗೆಯನ್ನೂ ಇಳಿಸಬೇಕು.

ಕಾವೇರಿ_ತೀರ
ಈ ಹೋಲಿಕೆ ತುಂಬಾ ಇಷ್ಟ ಆಯ್ತು. ಆ ಲಿವರ್ ಗೊತ್ತಿದ್ದವರಿಗೆ ಇನ್ನು ಬೇರೆ ವಿವರಣೆ ಬೇಕಿಲ್ಲ.

ಟೂಲ್‌ರೂಮ್
ಹೋಲಿಕೆ ಚಂದ ಇದೆ. ಹಾಗಂತ ಅದು ಜೆಕ್ ಗುಣ ಅಂತ ಹೇಳೋಕೆ ಬರಲ್ಲ. ಹಳೇ ಜೆಕ್ ಮಾದರಿಗಳಲ್ಲಿ ಇದಕ್ಕೆ ತದ್ವಿರುದ್ಧ. ವಿಝಡ್ 24 ತಗೊಳ್ಳಿ. ಮೌಸರ್‌ನ ಯೋಸೆಫ್ ನಿಕ್ಲ್ ಮಾಡಿದ ವಿನ್ಯಾಸ, ನಳಿಗೆ ತಿರುಗಿ ಬೀಗ ಬಿಡುವ ಜಾತಿ. ಹೊಡೆಯೋದು 9 ಎಂಎಂ ಶಾರ್ಟ್, ಅಂದ್ರೆ .380. ಅಷ್ಟು ಸಣ್ಣ ತೋಟಾಕ್ಕೆ ಬೀಗವೇ ಬೇಕಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗು ಸಾಕು. ಬೇಡದ ಕೆಲಸಕ್ಕೆ ದುಬಾರಿ ಮಿಲ್ಲಿಂಗು.

ಏಳು_ಅರವತ್ತೈದು
ಅದನ್ನ ಸರಿಮಾಡಿದವನೂ ಜೆಕ್ಕನೇ ಅಲ್ವಾ! ಫ್ರಾಂಟಿಶೆಕ್ ಮಿಶ್ಕಾ. ಬೀಗ ಕಿತ್ತುಹಾಕಿ, 7.65 ಬ್ರೌನಿಂಗ್‌ಗೆ ಇಳಿಸಿ ವಿಝಡ್ 27 ಮಾಡಿದ. (ವಿಝಡ್ ಅಂದ್ರೆ ವ್ಜೊರ್, ಮಾದರಿ ಅಂತ ಅರ್ಥ. ಅದಾದಮೇಲೆ ಬರುವ ಸಂಖ್ಯೆ ಇಸವಿ.) ಸರಳವಾದ್ದರಿಂದಲೇ ಜರ್ಮನ್ನರು ದೇಶ ಹಿಡಿದಮೇಲೂ ಅದನ್ನ ಬಿಡದೆ ಮಾಡಿಸಿದ್ರು. ಆ ಕಾಲದ ಸ್ಲೈಡಿನ ಮೇಲೆ "ಎಫ್‌ಎನ್‌ಎಚ್" ಅನ್ನೋ ಗುಪ್ತ ಗುರುತು ಇರುತ್ತೆ. ಸಂಗ್ರಹ ಮಾಡುವವರು ಮೊದಲು ನೋಡೋದು ಅದನ್ನೇ.

ಅದೇ ಮಿಶ್ಕಾನ ವಿಝಡ್ 38 ಬಗ್ಗೆ ಮಾತ್ರ ಸಮರ್ಥನೆ ಕಷ್ಟ. ಪಕ್ಕದ ಚಿಲಕ ಬಿಟ್ಟರೆ ನಳಿಗೆ ಸಮೇತ ಸ್ಲೈಡು ಮೂತಿಯ ಕೀಲಿನ ಮೇಲೆ ಪೆಟ್ಟಿಗೆ ಮುಚ್ಚಳದ ಹಾಗೆ ಎದ್ದು ನಿಲ್ಲುತ್ತೆ. ಸ್ವಚ್ಛ ಮಾಡೋಕೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಟ್ರಿಗರ್ ಬರೀ ಡಬಲ್ ಆಕ್ಷನ್, ಅದೂ ವಿಪರೀತ ಬಿಗಿ. ಎಳೆಯೋ ಹೊತ್ತಿಗೆ ಗುರಿ ಎಲ್ಲೋ ಹೋಗಿರುತ್ತೆ.

ಹುಬ್ಬಳ್ಳಿ_ಹ್ಯಾಮರ್
ವಿಝಡ್ 52 ಬಗ್ಗೆ ಒಂದು ಎಚ್ಚರಿಕಿ ಹೇಳೇಬಿಡ್ತೀನಿ, ಇದು ಜೀವದ ಪ್ರಶ್ನೆ. ಎರಡು ರೋಲರ್ ಮ್ಯಾಲೆ ಬೀಗ ಬೀಳೋ ವಿನ್ಯಾಸ, ನೋಡಾಕ ಅದ್ಭುತ. ಅದರಾಗ ಸೇಫ್ಟಿ ಮ್ಯಾಲಿನ ತುದಿಗೆ ಒತ್ತಿದ್ರ ಹ್ಯಾಮರ್ ಬೀಳತದ, ಡಿಕಾಕರ್ ಅದು. ಭಾಗ ಸವೆದಿದ್ರ ಹ್ಯಾಮರ್ ಬಿದ್ದಾಗ ಗುಂಡು ಹಾರಬಹುದು. ಚೇಂಬರಿನ್ಯಾಗ ಗುಂಡು ಇಟ್ಟುಕೊಂಡು ಆ ಡಿಕಾಕರ್ ಮುಟ್ಟಲೇಬಾರದು. ಫೈರಿಂಗ್ ಪಿನ್ನೂ ಬಿರುಸು ಎರಕದ್ದು, ಖಾಲಿ ಹೊಡೆದ್ರ ಮುರೀತದ.

ಲೇತ್_ಮಾತು
ಇದರ ಜೊತೆಗೆ ಇನ್ನೊಂದು. "52ರ ರೋಲರ್ ಬೀಗ ರಷ್ಯದ ಟೊಕರೆವ್ ಪಿಸ್ತೂಲಿಗಿಂತ ಗಟ್ಟಿ, ಎಷ್ಟು ಖಾರದ ತೋಟಾ ಹಾಕಿದ್ರೂ ತಡಕೊಳ್ಳುತ್ತೆ" ಅನ್ನೋ ಮಾತು ಹರಿದಾಡುತ್ತೆ. ನಂಬಬೇಡಿ. ಬೀಗದ ಭಾಗಕ್ಕೆ ಜಾಗ ಮಾಡಲು ಚೇಂಬರಿನ ಕೆಳಗೆ ಉಕ್ಕು ಕೊರೆದಿದ್ದಾರೆ, ಅಲ್ಲಿ ಗೋಡೆ ತೆಳು. ಬೀಗ ಎಷ್ಟೇ ಗಟ್ಟಿ ಇರಲಿ, ಒತ್ತಡ ತಡೆಯಬೇಕಾದ್ದು ಚೇಂಬರಿನ ಗೋಡೆ.

ಕಾವೇರಿ_ತೀರ
ಭಾರತದಲ್ಲಿ ಇವನ್ನೆಲ್ಲ ಲೈಸೆನ್ಸ್ ಮೇಲೆ ಇಟ್ಟುಕೊಳ್ಳಬಹುದಾ?

ಏಳು_ಅರವತ್ತೈದು
9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಬರಲ್ಲ. 75ರ ಆಸೆ ಅಲ್ಲಿಗೇ ನಿಂತಿತು. ಲೈಸೆನ್ಸ್ ಇರುವವರ ಕೈಯಲ್ಲಿ ಸಿಗೋದು .32. 7.65 ಬ್ರೌನಿಂಗ್ ಅಂದ್ರೂ ಅದೇ ತೋಟಾ. ವಿಝಡ್ 27, ಕ್ರಾಟೊಹ್ವಿಲ್ ಸಹೋದರರ ವಿಝಡ್ 50, ಅದನ್ನ ತಿದ್ದಿದ ವಿಝಡ್ 70, ಇವೆಲ್ಲ ಆ ಬೋರಿನವು. ಸಿಝೆಡ್ 83 ಕೂಡ 7.65ರಲ್ಲಿ ಬಂದಿದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಅನ್ನೋದೂ ನೆನಪಿರಲಿ.

ಬ್ರನೋ_ಪ್ರಿಯ
83 ಮತ್ತು ಅದರ ಸೈನ್ಯದ ಅಣ್ಣ ವಿಝಡ್ 82ಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಆಗುಸ್ಟಿನ್ ನೆಚಾಸ್‌ನ ವಿನ್ಯಾಸ. ಎಡಗೈಯವರಿಗೂ ಬಲಗೈಯವರಿಗೂ ಸೇಫ್ಟಿ, ಮ್ಯಾಗಜೀನ್ ಗುಂಡಿ ಎರಡೂ ಕಡೆ. 82ರಲ್ಲಿ 12 ಗುಂಡು. ಅದರ ನಳಿಗೆಯೊಳಗೆ ಚೂಪು ಗೀರುಗಳ ಬದಲು ಮೂಲೆ ಸವೆಸಿದ ಬಹುಭುಜ ಆಕಾರ. ಮಸಿ ಕೂರೋ ಸಂದಿ ಕಮ್ಮಿ, ಒರೆಸೋದು ಸುಲಭ. ಬಿಚ್ಚಲು ಟ್ರಿಗರ್ ಗಾರ್ಡನ್ನೇ ಕೆಳಗೆ ಎಳೆದು, ಸ್ಲೈಡು ಹಿಂದಕ್ಕೆ ಎಳೆದು ಎತ್ತಿದರೆ ಬಂತು.

ನಳಿಗೆನೋಟ
75 ಬಿಚ್ಚುವ ಕ್ರಮವನ್ನೂ ಯಾರಾದ್ರೂ ಬರೆದುಬಿಡಿ. ಚಿತ್ರ ಎಲ್ಲ ಕಡೆ ಇದೆ, ಕನ್ನಡದಲ್ಲಿ ಎಲ್ಲೂ ಸಿಗಲಿಲ್ಲ.

ಟೂಲ್‌ರೂಮ್
ಮೊದಲು ಮ್ಯಾಗಜೀನು ತೆಗೀರಿ. ಆಮೇಲೆ ಸ್ಲೈಡು ಪೂರ್ತಿ ಹಿಂದೆ ಎಳೆದು ಚೇಂಬರು ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಈ ಅನುಕ್ರಮ ತಪ್ಪಬಾರದು. ಮೊದಲು ಸ್ಲೈಡು ಎಳೆದು ಆಮೇಲೆ ಮ್ಯಾಗಜೀನು ತೆಗೆದರೆ ಹೊಸ ಗುಂಡು ಚೇಂಬರಿಗೆ ಏರಿ ಕೂತಿರುತ್ತೆ.

ಎಡಗಡೆ ಹಿಂಭಾಗದಲ್ಲಿ ಸ್ಲೈಡಿನ ಮೇಲೊಂದು, ಫ್ರೇಮಿನ ಮೇಲೊಂದು ಸಣ್ಣ ಗೆರೆ ಇದೆ. ಸ್ಲೈಡನ್ನ ತುಸು ಹಿಂದೆ ಸರಿಸಿ ಎರಡೂ ಗೆರೆ ಒಂದೇ ನೇರಕ್ಕೆ ತನ್ನಿ, ಹಾಗೇ ಹಿಡಿದುಕೊಳ್ಳಿ. ಬಲಗಡೆ ಕಾಣುವ ಸ್ಲೈಡ್ ಸ್ಟಾಪಿನ ತುದಿ ಒತ್ತಿದರೆ ಎಡಗಡೆಯಿಂದ ಈಚೆ ಬರುತ್ತೆ. ಹೊಸದರಲ್ಲಿ ಬೆರಳಿಗೆ ಜಗ್ಗಲ್ಲ, ಖಾಲಿ ಮ್ಯಾಗಜೀನಿನ ತಳದಿಂದ ಒತ್ತಿ. ಸುತ್ತಿಗೆ, ಸ್ಕ್ರೂಡ್ರೈವರ್ ಬೇಡವೇ ಬೇಡ. ಗೆರೆ ಕೂದಲೆಳೆ ತಪ್ಪಿದ್ದರೂ ಬರಲ್ಲ. ಬಲ ಹಾಕೋ ಬದಲು ಗೆರೆ ಮತ್ತೆ ಹೊಂದಿಸಿ.

ಈಗ ಸ್ಲೈಡು ಮುಂದಕ್ಕೆ ಜಾರಿ ಕಳಚುತ್ತೆ. ತಲೆಕೆಳಗು ಮಾಡಿ ಸ್ಪ್ರಿಂಗಿನ ದಂಡ ಮುಂದಕ್ಕೆ ಒತ್ತಿ ಎತ್ತಿ, ಆಮೇಲೆ ನಳಿಗೆ. ಇದಕ್ಕಿಂತ ಹೆಚ್ಚು ಬಿಚ್ಚೋ ಅಗತ್ಯ ಶುಚಿ ಮಾಡಲು ಇಲ್ಲ.

ಎಣ್ಣೆ: ಹಳಿಗೆ ಆ ಕಡೆ ಒಂದು ಹನಿ, ಈ ಕಡೆ ಒಂದು ಹನಿ. ನಳಿಗೆಯ ಏಣುಗಳ ಮೇಲೆ, ಬುಷ್ಷಿಗೆ ಉಜ್ಜುವ ಹೊರಮೈ ಮೇಲೆ, ಹುರುಳಿಕಾಳು ತೂತಿನೊಳಗೆ ತೆಳುವಾಗಿ. ಫೈರಿಂಗ್ ಪಿನ್ನಿನ ತೂತಿಗೆ ಬೇಡ, ಮಸಿ ಸೇರಿ ಅಂಟಾಗುತ್ತೆ. ಜೋಡಿಸುವಾಗ ಎಡವೋದು ಒಂದೇ ಕಡೆ. ನಳಿಗೆ ಗಂಟಿನ ತೂತು ಫ್ರೇಮಿನ ತೂತಿಗೆ ನೇರ ಬಂದಿರಲ್ಲ, ಸ್ಲೈಡ್ ಸ್ಟಾಪು ಅರ್ಧಕ್ಕೇ ನಿಲ್ಲುತ್ತೆ. ನಳಿಗೆಯ ಮೂತಿಯನ್ನ ತುಸು ಆಡಿಸಿದರೆ ಸರಿಹೋಗುತ್ತೆ.

ರೇಂಜ್_ಪುಸ್ತಕ
ಅಚ್ಚು ಹಾಕಿಸಿ ಗೋಡೆಗೆ ಅಂಟಿಸಬೇಕು ಇದನ್ನ. ಒಂದು ಸೇರಿಸ್ತೀನಿ. ಖಾಲಿ ಮ್ಯಾಗಜೀನು ತಾನಾಗಿ ಉದುರಲ್ಲ ಅಂತ ದೂರು ಹೇಳುವವರು ಹಿಡಿಕೆಯೊಳಗಿನ ಬಾಗಿದ ತಗಡು ಸ್ಪ್ರಿಂಗು ನೋಡಿ. ಮ್ಯಾಗಜೀನು ನೆಲಕ್ಕೆ ಬೀಳದಿರಲಿ ಅಂತ ಬೇಕೆಂದೇ ಇಟ್ಟದ್ದು. ಸ್ಪರ್ಧೆಯವರು ಚಪ್ಪಟೆ ಸ್ಪ್ರಿಂಗು ಹಾಕಿಸ್ತಾರೆ.

ಲೇತ್_ಮಾತು
ಟ್ರಿಗರ್ ಬಗ್ಗೆಯೂ. 75ರ ಹ್ಯಾಮರ್ ಎಳೆದಿಟ್ಟು ನಿಧಾನವಾಗಿ ಟ್ರಿಗರ್ ಎಳೆದರೆ, ಬಿಡುವ ಮುಂಚೆ ಹ್ಯಾಮರ್ ಕೂದಲಷ್ಟು ಹಿಂದಕ್ಕೆ ಸರಿಯೋದು ಕಾಣುತ್ತೆ. ಹ್ಯಾಮರನ್ನ ಹಿಡಿದಿಡೋ ಸಿಯರ್ ಕಚ್ಚುವ ಕೊಕ್ಕೆಯ ಕೋನ ಹಾಗಿದೆ. ತಾನಾಗಿ ಜಾರಬಾರದು ಅನ್ನೋ ಸುರಕ್ಷತೆಗೆ ಇಟ್ಟ ಕೋನ. ಎಳೆತ ಭಾರ ಅನಿಸೋದಕ್ಕೆ ಇದೂ ಒಂದು ಕಾರಣ. 75ರಿಂದ ಬಂದ ಸ್ಪರ್ಧೆಯ ಶ್ಯಾಡೋ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ ಬ್ಲಾಕ್ (ಟ್ರಿಗರ್ ಎಳೆಯದೆ ಫೈರಿಂಗ್ ಪಿನ್ ಓಡದಂತೆ ತಡೆಯೋ ತುಂಡು) ತೆಗೆದಿರೋದರಿಂದ ಎಳೆತ ಇನ್ನೂ ನುಣುಪು. ಮನೆಯಲ್ಲಿ ಅರ ಹಿಡಿದು ಆ ಕೊಕ್ಕೆ ಉಜ್ಜುವವರಿಗೆ ಒಂದೇ ಮಾತು: ಬೇಡ. ಹೊರಮೈಯ ಗಡಸು ಪದರ ಹೋದರೆ ಕೋನ ಬೇಗ ಸವೆದು ಹ್ಯಾಮರ್ ತಾನಾಗಿ ಬೀಳೋಕೆ ಶುರುವಾಗುತ್ತೆ.

ಹುಬ್ಬಳ್ಳಿ_ಹ್ಯಾಮರ್
ಹ್ಯಾಮರ್ ಸ್ಪ್ರಿಂಗು ಹಗುರ ಮಾಡೋವರಿಗೂ ಇದ ಮಾತು. 13 ಪೌಂಡಿನ ಸ್ಪ್ರಿಂಗು ಹಾಕಿದ್ರ ಎಳೆತ ಮೆತ್ತಗಾಗತದ, ಖರೆ. ಪ್ರೈಮರ್ (ತೋಟಾದ ತಳದಾಗ ಕಿಡಿ ಹೊತ್ತೋ ಬಿಲ್ಲೆ) ಗಟ್ಟಿ ಇರೋ ತೋಟಾದಾಗ ಪೆಟ್ಟು ಸಾಲಂಗಿಲ್ಲ, ಗುಂಡು ಹಾರಂಗಿಲ್ಲ. ಜೆಕ್ಕರದೇ ಸೆಲಿಯರ್ ಅಂಡ್ ಬೆಲ್ಲೊ ತೋಟಾದ ಪ್ರೈಮರ್ ಗಟ್ಟಿ ಅಂತ ಹೆಸರು ಮಾಡ್ಯದ. ಸ್ಪ್ರಿಂಗಿಗೂ ತೋಟಾಕ್ಕೂ ಹೊಂದಾಣಿಕಿ ಮೊದಲ ನೋಡ್ಕೋರಿ.

ನಳಿಗೆನೋಟ
ಎಲ್ಲ ಓದಿದೆ. ನನ್ನ ಪ್ರಶ್ನೆಯ ಅರ್ಧ ಉತ್ತರ ಹುರುಳಿಕಾಳು ತೂತಿನಲ್ಲೇ ಸಿಕ್ಕಿತು. ಭಾಗಗಳು ಎರವಲು, ಜೋಡಣೆ ಎರವಲಲ್ಲ. ಇನ್ನೊಂದು ಉಳಿದಿದೆ. ಶುರುವಿನ ಪಿಸ್ತೂಲುಗಳನ್ನ "ಶಾರ್ಟ್ ರೇಲ್" ಅಂತ ಸಂಗ್ರಹಕಾರರು ಹುಡುಕೋದು ಯಾಕೆ?

ಬ್ರನೋ_ಪ್ರಿಯ
ಮೊದಲ ಕೆಲವು ವರ್ಷದವುಗಳಲ್ಲಿ ಫ್ರೇಮಿನ ಹಳಿ ಮುಂಭಾಗದಲ್ಲಿ ಗಿಡ್ಡ. 1980ರ ಆಸುಪಾಸಿನಲ್ಲಿ ಹಳಿ ಮುಂದಕ್ಕೆ ಉದ್ದ ಮಾಡಿದ್ರು, ಫ್ರೇಮಿಗೆ ತೂಕವೂ ಬಂತು. ಹ್ಯಾಮರ್‌ಗೆ ಅರ್ಧ ಎಳೆದು ನಿಲ್ಲುವ ಕಚ್ಚು ಕೂಡ ಶುರುವಿನವುಗಳಲ್ಲಿ ಇಲ್ಲ, ಆಮೇಲೆ ಸೇರಿದ್ದು. ಪಕ್ಕದಿಂದ ನೋಡಿದರೆ ಟ್ರಿಗರ್ ಗಾರ್ಡಿನ ಮುಂದೆ ಫ್ರೇಮು ಮೆಟ್ಟಿಲಿಳಿದ ಹಾಗೆ ಸಣ್ಣಗಾಗಿರುತ್ತೆ. ಗುರುತು ಹಿಡಿಯೋಕೆ ಅಷ್ಟು ಸಾಕು.

ಏಳು_ಅರವತ್ತೈದು
ಮಾರುವವರು ಹಾಕೋ ಚಿತ್ರದಲ್ಲಿ ಸ್ಲೈಡಿನ ನಂಬರು, ಫ್ರೇಮಿನ ನಂಬರು ಎರಡೂ ಕೇಳಿ ನೋಡಿ. ಅವು ಹೊಂದದಿದ್ದರೆ ಶಾರ್ಟ್ ರೇಲ್ ಬೆಲೆ ಕೊಡಬೇಡಿ.